ಹಿಮಕರಡಿ ಮಲಗಿರಲಿಲ್ಲ

ಕಳೆದ ತಿಂಗಳು ವತ್ಸಲಾ ಆಂಟಿಯನ್ನು ನೋಡಲು ಮೆಟುಚೆನ್‌ಗೆ ಹೋಗಿದ್ದೆ. ಕ್ರ್ಯಾನ್‌ಬರಿ ಕಡೆ ಮನೆ ಮಾಡುವ ಮೊದಲು ನಾವಿದ್ದದ್ದು ಅದೇ ಹಳೆಯ ಕಟ್ಟಡದಲ್ಲಿ, ಅವರ ಮನೆಗೆ ಸರಿಯಾಗಿ ಕೆಳಗೆ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಯಾರೋ ಒದ್ದೆ ಉಣ್ಣೆಯ ಕೈಗವಸುಗಳನ್ನು ಕಾರಿಡಾರನ್ನು ಬೆಚ್ಚಗಿಡುವ ರೇಡಿಯೇಟರ್ ಮೇಲೆ ಒಣಗಲು ಹಾಕಿದ್ದರು. ಕಾದ ಬಣ್ಣ, ಒದ್ದೆ ಉಣ್ಣೆ, ಹಿಮ ಕರಗಲೆಂದು ರಸ್ತೆಗೆ ಎರಚಿ, ಬೂಟುಗಳ ಜೊತೆ ಒಳಗೆ ಬಂದ ಉಪ್ಪು, ಎಲ್ಲ ಸೇರಿದ ವಾಸನೆ. ಬೇರೆಯವರಿಗೆ ಅದು ಬೆಚ್ಚಗಿನ ಮನೆಯ ವಾಸನೆ ಇರಬಹುದು. ನಾನು ಮಾತ್ರ ಕೈಯಲ್ಲಿದ್ದ ಡಬ್ಬಿಯನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಒಂದು ನಿಮಿಷ ಕೂತೆ.

ಆ ವಾಸನೆಯ ಚಳಿಗಾಲದಲ್ಲಿ ನನ್ನ ಮಗಳು ಧಾತ್ರಿಗೆ ಎರಡು ವರ್ಷ ಎಂಟು ತಿಂಗಳು. ಅವಳು ಮಾತಾಡುತ್ತಿರಲಿಲ್ಲ. ಅಮ್ಮ ಎನ್ನುತ್ತಿರಲಿಲ್ಲ, ಹಾಲು ಎನ್ನುತ್ತಿರಲಿಲ್ಲ, ಬೇಡ ಎಂದು ಹಟ ಮಾಡುತ್ತಲೂ ಇರಲಿಲ್ಲ. ಬೇಕಾದ್ದಿದ್ದರೆ ನನ್ನ ತೋರುಬೆರಳು ಹಿಡಿದು ಎಳೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸುತ್ತಿದ್ದಳು. ಕಿವಿ ಪರೀಕ್ಷೆ ಎರಡು ಸಲ ಆಗಿತ್ತು, ಎರಡೂ ಸಲ ಕಿವಿ ಚೆನ್ನಾಗಿಯೇ ಇತ್ತು. ಮಾರ್ಚ್‌ನಲ್ಲಿ, ಅವಳಿಗೆ ಮೂರು ತುಂಬುವ ಮೊದಲು, ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಡಿಸ್ಟ್ರಿಕ್ಟಿನವರು ಅವಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡುವವರಿದ್ದರು. ಆ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಹಾಲು ತೆಗೆಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಅವರು ಅವಳ ಹೆಸರಿನ ಮುಂದೆ ಏನು ಬರೆಯುತ್ತಾರೆ ಎನ್ನುವುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು.

ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮದುವೆಯಾಗಿ ಇಲ್ಲಿಗೆ ಬಂದು, ವರ್ಕ್ ಪರ್ಮಿಟ್‌ಗೆ ಕಾದು ಕಾದು, ಕೊನೆಗೆ ಸಿಕ್ಕ ಕೆಲಸ ಹಿಮಕರಡಿಗಳನ್ನು ನೋಡುವುದು. ಹೊರಗೆ ಹೋಗಿ ನೋಡುವುದಲ್ಲ, ಹಾಲ್‌ನ ಮೂಲೆಯ ಮೇಜಿನಲ್ಲಿ, ಕಂಪ್ಯೂಟರ್ ಪರದೆಯ ಮೇಲೆ. ಕೆನಡಾದ ಉತ್ತರದ ತುದಿಯಲ್ಲಿ ಒಂದು ಎತ್ತರದ ಬಂಡೆಯ ನೆತ್ತಿಯಿಂದ ಸಂಶೋಧಕರ ಒಂದು ಗುಂಪು ಗಂಟೆಗಟ್ಟಲೆ ವಿಡಿಯೋ ತೆಗೆದಿತ್ತು. ಕೆಳಗೆ ಹೆಪ್ಪುಗಟ್ಟಿದ ಸಮುದ್ರ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಕರಡಿ. ಯಾವ ಕರಡಿ ಯಾವ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಎಂದು ನಿಮಿಷ ನಿಮಿಷಕ್ಕೂ ಪಟ್ಟಿಯಲ್ಲಿ ಬರೆಯಬೇಕು. ನಡಿಗೆ, ಈಜು, ರೆಸ್ಟ್, ಬೇಟೆ. ನನ್ನ ಗಂಡ ಶ್ರೀಧರ ಗೆಳೆಯರ ಮುಂದೆ, "ನಮ್ಮನೇಲಿ ನಾನು ಕೋಡ್ ಬರೀತೀನಿ, ಇವ್ಳು ಕರಡಿ ಕಾಯ್ತಾಳೆ" ಎಂದು ಛೇಡಿಸುತ್ತಿದ್ದ. ಕೇಳಿದವರೆಲ್ಲ "ಸೋ ಕ್ಯೂಟ್" ಎನ್ನುತ್ತಿದ್ದರು.

ಕೆಲಸ ಕಲಿಸಿದವರು ಮಾರ್ಥಾ. ಅರ್ಧ ಆಯುಷ್ಯವನ್ನು ಆ ಬಂಡೆಯ ಮೇಲೆ ಕಳೆದ ಹೆಂಗಸು. ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಬರುತ್ತಿದ್ದರು. ಬೇಟೆಯ ಬಗೆಗಳನ್ನು ಅವರೇ ಬಿಡಿಸಿ ಹೇಳಿದರು. ಮಂಜುಗಡ್ಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ ಸೀಲ್ ಕಂಡರೆ ಕರಡಿ ತಲೆ ತಗ್ಗಿಸಿ ಹೊಂಚುತ್ತ ಹೋಗುತ್ತದೆ. ಸೀಲ್ ತಲೆ ಎತ್ತಿದರೆ ಇದ್ದಲ್ಲೇ ನಿಂತುಬಿಡುತ್ತದೆ, ತಲೆ ಇಳಿಸಿದರೆ ಮತ್ತೆ ಮುಂದೆ. ಕೆಲವು ಸಲ ನೀರಿಗಿಳಿದು, ಮೂಗಷ್ಟೇ ಮೇಲಿಟ್ಟು ಈಜಿ ಬಂದು, ಮಂಜಿನ ಅಂಚಿನಲ್ಲಿ ಒಮ್ಮೆಲೇ ಎದ್ದು ಬೀಳುತ್ತದೆ. ವಸಂತದಲ್ಲಿ ಸೀಲ್‌ಗಳು ಹಿಮದ ಅಡಿಯಲ್ಲಿ ಗೂಡು ಮಾಡಿ ಮರಿ ಹಾಕುತ್ತವೆ. ಕರಡಿ ವಾಸನೆಯಿಂದಲೇ ಆ ಜಾಗ ಹುಡುಕಿ, ಹಿಂಗಾಲ ಮೇಲೆ ನಿಂತು, ಮುಂಗಾಲುಗಳನ್ನು ದಬ್ಬನೆ ಬೀಳಿಸಿ ಸೂರನ್ನೇ ಮುರಿಯುತ್ತದೆ. ಎಲ್ಲದಕ್ಕಿಂತ ಹೆಚ್ಚಾಗಿ ಕರಡಿ ಮಾಡುವುದು ಕಾಯುವ ಕೆಲಸ. ಸೀಲ್ ಉಸಿರಾಡಲು ಮಂಜಿನಲ್ಲಿ ತೂತು ಮಾಡಿಕೊಂಡಿರುತ್ತದೆ, ಒಂದಲ್ಲ, ಹಲವು. ಅವುಗಳಲ್ಲಿ ಒಂದರ ಪಕ್ಕ ಕರಡಿ ಕೂರುತ್ತದೆ, ಸೀಲ್ ಇದೇ ತೂತಿಗೆ ಬರಲಿ ಎಂದು.

ಕರಡಿ ತನ್ನ ಕಪ್ಪು ಮೂಗನ್ನು ಪಂಜದಿಂದ ಮುಚ್ಚಿಕೊಂಡು ಹೊಂಚುತ್ತದಂತೆ ಎಂದು ಶ್ರೀಧರ ಎಲ್ಲೋ ಕೇಳಿದ್ದ. ಅದನ್ನೇ ನಾನು ಮಾರ್ಥಾರ ಮುಂದೆ ಜಾಣತನದಿಂದ ಒಪ್ಪಿಸಿದೆ. "ನೀನು ನೋಡಿದ್ದೀಯಾ?" ಎಂದರು. ಇಲ್ಲ ಎಂದೆ. "ನಾನೂ ನೋಡಿಲ್ಲ. ಕಂಡದ್ದನ್ನು ಬರಿ, ಅಂದುಕೊಂಡದ್ದನ್ನು ಬರೆಯಬೇಡ" ಎಂದರು. ನಾನು ಅದನ್ನು ಕಾಗದದ ಚೂರಿನ ಮೇಲೆ ಬರೆದು ಪರದೆಯ ಅಂಚಿಗೆ ಅಂಟಿಸಿಕೊಂಡೆ. ಅಂಟಿಸಿಕೊಂಡದ್ದಷ್ಟೇ.

ಆ ವರ್ಷದ ದೀಪಾವಳಿಗೆ ಎಡಿಸನ್ನಿನಲ್ಲಿ ಒಬ್ಬರ ಮನೆಗೆ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಹೋಗಿದ್ದೆವು. ಚಿತ್ರಾನ್ನದ ತಟ್ಟೆ ಹಿಡಿದಿದ್ದ ಅಂಕಲ್ ಒಬ್ಬರು ಧಾತ್ರಿಯನ್ನು ಮಾತಾಡಿಸಿ, ಅವಳು ಸುಮ್ಮನೆ ನಿಂತದ್ದು ನೋಡಿ, ನಮ್ಮನ್ನು ಪಕ್ಕಕ್ಕೆ ಕರೆದರು. "ಮನೇಲಿ ಕನ್ನಡ ಮಾತಾಡ್ತೀರಾ? ಅದೇ ನೋಡಿ ಪ್ರಾಬ್ಲಮ್ಮು. ಎರಡೆರಡು ಲ್ಯಾಂಗ್ವೇಜ್ ಆದ್ರೆ ಮಗು ಕನ್‌ಫ್ಯೂಸ್ ಆಗ್ಬಿಡುತ್ತೆ. ಇಂಗ್ಲಿಷ್ ಓನ್ಲಿ ಅಂತ ಇಟ್ಕೊಳ್ಳಿ. ಸಿಕ್ಸ್ ಮಂತ್ಸ್‌ನಲ್ಲಿ ಪಟಪಟ ಅಂತ ಮಾತಾಡ್ತಾಳೆ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅವರನ್ನು ದೂರುವುದಿಲ್ಲ. ಮಗುವಿಗೆ ನೆಗಡಿಯಾದರೂ ಡಾಕ್ಟರಿಗೆ ಫೋನ್ ಮಾಡುವ ನಾವು, ಇದೊಂದನ್ನು ಮಾತ್ರ ಯಾವ ಡಾಕ್ಟರನ್ನೂ ಕೇಳದೆ, ಕಾರಿನಲ್ಲಿ ಮನೆಗೆ ಬರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟೆವು.

ಅದಕ್ಕೊಂದು ಕಾರಣವಿತ್ತು. ಶ್ರೀಧರ ಮದ್ದೂರಿನ ಕಡೆಯವನು, ಹತ್ತನೆಯ ತರಗತಿಯವರೆಗೆ ಕನ್ನಡ ಮೀಡಿಯಂ, ಅವನ ಮನೆಯಲ್ಲಿ ಮೊದಲು ಡಿಗ್ರಿ ಕಂಡವನು. ಪಿಯುಸಿಯ ಮೊದಲ ವರ್ಷ ಪೂರ್ತಿ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತಿದ್ದನಂತೆ, ಇಂಗ್ಲಿಷಿನಲ್ಲಿ ಎಲ್ಲಿ ಏನು ಕೇಳಿಬಿಡುತ್ತಾರೋ ಎಂದು. "ನನ್ ಮಗ್ಳು ಹಂಗೆ ಕೂತ್ಕೋಬಾರ್ದು ಸುಮಾ" ಎಂದ, ಕಾರು ಓಡಿಸುತ್ತ.

ಮರುದಿನದಿಂದ ಪುಟ್ಟಿ ಎನ್ನುವುದು ನಿಂತು ಸ್ವೀಟಿ ಆಯಿತು. ನಮ್ಮಿಬ್ಬರ ಬಾಯಲ್ಲಿ ಆ ಸ್ವೀಟಿ ಎಷ್ಟು ಒಣಗಿತ್ತೆಂದರೆ, ನನಗೇ ಕೇಳಿಸಿಕೊಳ್ಳಲು ಆಗುತ್ತಿರಲಿಲ್ಲ. ವಾಟ್ ಈಸ್ ದಿಸ್, ವಾಟ್ ಕಲರ್ ಈಸ್ ದಿಸ್, ಸೇ ಮಿಲ್ಕ್, ಸೇ ಬಾಲ್. ಮಲಗಿಸುವಾಗ ಹಾಡುತ್ತಿದ್ದ ಜೋಗುಳ ಬಿಟ್ಟೆ. ಅಡುಗೆಮನೆಯಲ್ಲಿ ಗುನುಗುವುದೂ ಬಿಟ್ಟೆ. ಆದರೆ ಗಂಡ ಹೆಂಡತಿ ದಿನವಿಡೀ ಇಂಗ್ಲಿಷಿನಲ್ಲಿ ಬದುಕಲು ಆಗುತ್ತದೆಯೇ? ಶ್ರೀಧರ ಪಾರ್ಸಿಪನಿಯ ಆಫೀಸಿನಿಂದ ಸಂಜೆಯ ಟ್ರಾಫಿಕ್ಕಿನಲ್ಲಿ ಡ್ರೈವ್ ಮಾಡಿ ಮನೆಗೆ ಬಂದ ಮೇಲೆ ಕಾಫಿ ಮಾಡುವ ನೆಪದಲ್ಲಿ ಇಬ್ಬರೂ ಅಡುಗೆಮನೆ ಸೇರುತ್ತಿದ್ದೆವು. ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನನ್ನು ಜೋರಾಗಿ ಹಾಕಿ, ಅದರ ಸದ್ದಿನ ಅಡಿಯಲ್ಲಿ ಕನ್ನಡ ಮಾತಾಡುತ್ತಿದ್ದೆವು. ಆಫೀಸಿನ ಮೇಲಿನ ಸಿಟ್ಟು, ಊರಿನ ಸುದ್ದಿ, ನಗು, ಜಗಳ, ಎಲ್ಲವೂ ಆ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯಬೇಕು.

ಆ ಹೊತ್ತಿಗೆ ಧಾತ್ರಿ ಬಂದು ಅಡುಗೆಮನೆಯ ಬಾಗಿಲಲ್ಲಿ ಹೊಟ್ಟೆಯ ಮೇಲೆ ಮಲಗುತ್ತಿದ್ದಳು. ಹಾಲ್‌ನ ಕಾರ್ಪೆಟ್ಟು ಮುಗಿದು ಅಡುಗೆಮನೆಯ ನೆಲ ಶುರುವಾಗುವಲ್ಲಿ ಒಂದು ತಗಡಿನ ಪಟ್ಟಿ ಇತ್ತು, ಅದರ ಮೇಲೆ ಗದ್ದ ಊರಿ. "ಫ್ಯಾನ್ ಸೌಂಡ್ ಇಷ್ಟ ಅವ್ಳಿಗೆ" ಎಂದ ಶ್ರೀಧರ ಒಮ್ಮೆ. ಮಕ್ಕಳು ಫ್ಯಾನಿನ ಕಡೆಗೇ ಗಮನ ನೆಟ್ಟು ಕೂರುವುದೂ ಆಟಿಸಂನ ಒಂದು ಲಕ್ಷಣ ಎಂದು ನಾನು ಇಂಟರ್ನೆಟ್ಟಿನಲ್ಲಿ ಎಲ್ಲೋ ಓದಿದ್ದೆ. ಅವನಿಗೆ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ನನಗೆ. ಅವಳಿಗೆ ನಿದ್ದೆ ಬಂದಿದೆ, ಅದಕ್ಕೇ ಮಲಗಿದ್ದಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ದೀಪಾವಳಿಗೆ ಮುಂಚೆ ಅವಳಿಗೆ ಮಾತಿರಲಿಲ್ಲ ನಿಜ, ಆದರೆ ಸದ್ದುಗಳಿದ್ದವು. ತತತ, ಮಮಮ, ಸ್ನಾನ ಮಾಡಿಸುವಾಗ ಒಂದು ಉದ್ದನೆಯ ರಾಗ. ಡಿಸೆಂಬರ್ ಮುಗಿಯುವ ಹೊತ್ತಿಗೆ ಅವೂ ನಿಂತವು. ನಾವು ಮಾಡಿದ್ದರಿಂದ ಹೀಗಾಯಿತು ಎಂದು ಒಂದು ಕ್ಷಣವೂ ಹೊಳೆಯಲಿಲ್ಲ. ತೊಂದರೆ ಹೆಚ್ಚುತ್ತಿದೆ ಎಂದುಕೊಂಡು ಇನ್ನಷ್ಟು ಇಂಗ್ಲಿಷ್ ಸುರಿದೆವು.

ಮೇಲಿನ ಮನೆಯ ವತ್ಸಲಾ ಆಂಟಿ ಧಾರವಾಡದವರು. ಬಹಳ ವರ್ಷ ಇಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದರು. ಮಧ್ಯಾಹ್ನ ಒಮ್ಮೆ ಇಳಿದು ಬಂದು, ಧಾತ್ರಿಯ ಕೆನ್ನೆ ಹಿಂಡಿ, ನನ್ನ ಕೈಯ ಚಹಾ ಕುಡಿದು ಹೋಗುವುದು ರೂಢಿ. ನಮ್ಮ ಹೊಸ ಕಾನೂನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಮುಂದೂಡುತ್ತ ಬಂದಿದ್ದೆ. ಜನವರಿಯ ಒಂದು ದಿನ ಅವರೇ ಶುರು ಮಾಡಿದರು.

"ಯಾಕವಾ ಸುಮಾ, ಸಂಜಿ ಆತಂದ್ರ ಫ್ಯಾನ್ ಹಚ್ಚಿ ಕಳ್ಳರಂಗ ಪಿಸುಪಿಸು ಮಾತಾಡ್ತೀರಲ್ಲ? ನನ್ನ ಅಡಗಿಮನಿ ತನಕಾ ಫ್ಯಾನಿನ ಸಪ್ಪಳ ಬರತದ."

ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ಕೂಸಿಗೆ ದಿನಾ ಇಂಟರ್ವ್ಯೂ ನಡದಂಗ ಆಗೇದಲ್ಲವಾ. ವಾಟ್ ಈಸ್ ದಿಸ್, ವಾಟ್ ಕಲರ್. ನನ್ನ ಕೂಡಿಸಿ ಹಿಂಗ ಕೇಳಿದ್ರ ನಾನೂ ಬಾಯಿ ಮುಚಗೊಂಡ ಕುಂದರ್ತೀನಿ."

ಅವರು ನಗಿಸಲು ಹೇಳಿದ್ದು. ನನಗೆ ಮೈ ಉರಿಯಿತು. ಫ್ರಿಜ್ಜಿನ ಮೇಲಿನ ಪತ್ರ, ನಿದ್ದೆಯಿಲ್ಲದ ಕಣ್ಣು, ಎಲ್ಲ ಸೇರಿ ಬಾಯಿಗೆ ಬಂದುಬಿಟ್ಟಿತು. "ಆಂಟಿ, ಪ್ಲೀಸ್. ಇದು ತಮಾಷೆ ಅಲ್ಲ. ಅವಳ ಮುಂದೆ ಕನ್ನಡ ಮಾತಾಡೋ ಹಾಗಿದ್ರೆ ಸ್ವಲ್ಪ ದಿನ ಬರ್ಬೇಡಿ" ಎಂದೆ. ಅವರು ಶಾಲು ಹೊದ್ದು ಎದ್ದರು. ಬಾಗಿಲವರೆಗೆ ಧಾತ್ರಿ ಅವರ ಸೀರೆಯ ನೆರಿಗೆ ಹಿಡಿದು ಹೋದಳು, ಅವರು ಬೆರಳು ಬಿಡಿಸಿ ಮೆಟ್ಟಿಲು ಹತ್ತಿದರು. ಆಮೇಲೆ ಹಲವು ವಾರ ಅವರ ಚಪ್ಪಲಿಯ ಸದ್ದು ತಲೆಯ ಮೇಲಷ್ಟೇ ಕೇಳಿಸಿತು.

ಫೆಬ್ರವರಿಯ ಮೊದಲ ವಾರ ಮಾರ್ಥಾ ಕಾಲ್ ಮಾಡಿದಾಗ ಮುಖ ಎಂದಿನಂತಿರಲಿಲ್ಲ. ನಾನು ಕಳಿಸಿದ ಪಟ್ಟಿ ತೆರೆದು, ಒಂದು ವಿಡಿಯೋ ಹಾಕಿದರು. ತಾಯಿ ಕರಡಿ ಮತ್ತು ಒಂದೇ ಮರಿ. ತಾಯಿ ಹೊಟ್ಟೆಯ ಮೇಲೆ ಮಲಗಿ, ಗದ್ದವನ್ನು ಮಂಜಿಗೆ ಊರಿ, ಗಂಟೆಗಟ್ಟಲೆ ಅಲ್ಲಾಡದೆ ಇತ್ತು. ನಾನು ಉದ್ದಕ್ಕೂ ರೆಸ್ಟ್ ಎಂದು ಬರೆದಿದ್ದೆ. ಅದೊಂದೇ ಅಲ್ಲ, ಅಂಥವು ಹಲವಿದ್ದವು.

"ಇದು ಮಲಗಿದೆಯಾ?" ಎಂದರು. ಹೌದಲ್ಲ ಎಂದೆ.

"ಮೂಗಿನ ಮುಂದೆ ಏನಿದೆ ನೋಡು." ದೊಡ್ಡದು ಮಾಡಿ ತೋರಿಸಿದರು. ಮಂಜಿನಲ್ಲಿ ಬಟ್ಟಲಗಲದ ಕಪ್ಪು ಚುಕ್ಕೆ. ಉಸಿರಾಟದ ತೂತು. ನಿಜವಾಗಿ ಮಲಗುವ ಕರಡಿ ಗಾಳಿಗೆ ಬೆನ್ನು ಹಾಕಿ ಮುದುಡಿಕೊಳ್ಳುತ್ತದೆ, ಮಗ್ಗುಲು ಬದಲಿಸುತ್ತದೆ. ಇದು ಹಾಗಲ್ಲ, ತನ್ನ ವಾಸನೆ ತೂತಿನ ಕಡೆ ಹೋಗದಂತೆ ಗಾಳಿಗೆ ಎದುರಾಗಿದೆ, ಕಾಲನ್ನು ಒಂದು ಸಲವೂ ಎತ್ತಿಟ್ಟಿಲ್ಲ. ಮೇಲೆ ಒಂದು ಹೆಜ್ಜೆ ಸರಿದರೂ ಸದ್ದು ಮಂಜಿನೊಳಗೆ ಇಳಿಯುತ್ತದೆ, ಸೀಲ್ ಬೇರೆ ತೂತಿಗೆ ಹೋಗಿಬಿಡುತ್ತದೆ. "ಇದು ಆ ಇಡೀ ಸಮುದ್ರದಲ್ಲಿ ಅತಿ ಹೆಚ್ಚು ಕೆಲಸ ಮಾಡುತ್ತಿರುವ ಪ್ರಾಣಿ. ನೀನು ಅದನ್ನು ರೆಸ್ಟ್ ಎಂದು ಬರೆದೆ" ಎಂದರು. ಬೈಯಲಿಲ್ಲ. ಅಷ್ಟೂ ವಿಡಿಯೋಗಳನ್ನು ಮತ್ತೆ ನೋಡು ಎಂದರು.

ಮೊದಲಿನಿಂದ ಮತ್ತೆ ನೋಡಲು ಕೂತೆ. ಈಗ ಏನೂ ಆಗದ ಆ ಗಂಟೆಗಳಲ್ಲಿ ಎಲ್ಲವೂ ಕಾಣತೊಡಗಿತು. ಕಿವಿ ಎಳೆಯಷ್ಟು ಮುಂದೆ ಬಾಗುವುದು. ಹಿಂಗಾಲಿನ ಸ್ನಾಯು ಬಿಗಿಯುವುದು. ತೂತಿನಲ್ಲಿ ನೀರು ಒಂದಿಷ್ಟು ಉಬ್ಬುವುದು, ಅಂದರೆ ಸೀಲ್ ಕೆಳಗೆ ಬಂದಿದೆ. ಅಷ್ಟರಲ್ಲಿ ಹಿಂದೆ ಮಲಗಿದ್ದ ಮರಿ ಬೇಸರವಾಗಿ ಎದ್ದು ಕುಣಿಯುತ್ತ ಅಮ್ಮನ ಬಳಿ ಓಡಿ ಬರುತ್ತಿತ್ತು. ನೀರು ಇಳಿದುಹೋಗುತ್ತಿತ್ತು. ತಾಯಿ ತಿರುಗಿ ನೋಡಿ, ಎದ್ದು, ಬೇರೆ ತೂತು ಹುಡುಕುತ್ತ ನಡೆಯುತ್ತಿತ್ತು. ಅದರ ಪಕ್ಕೆ ದಿನದಿಂದ ದಿನಕ್ಕೆ ಒಳಗೆ ಹೋಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಫಲ: ಇಲ್ಲ, ಫಲ: ಇಲ್ಲ ಎಂದು ಬರೆಯುತ್ತ ಹೋದೆ.

ಅದೇ ವಾರ ಸ್ಕೂಲ್ ಡಿಸ್ಟ್ರಿಕ್ಟಿನಿಂದ ಈಮೇಲ್ ಬಂತು, ಮಗು ಮನೆಯಲ್ಲಿ ಆಡುವ ಒಂದು ಚಿಕ್ಕ ವಿಡಿಯೋ ತನ್ನಿ ಎಂದು. ಸ್ನೋ ಬೀಳುತ್ತಿದ್ದ ದಿನ, ಶ್ರೀಧರ ಮಧ್ಯಾಹ್ನವೇ ಆಫೀಸಿನಿಂದ ಬಂದಿದ್ದ. ಫೋನನ್ನು ಅಡುಗೆಮನೆಯ ಬಾಗಿಲ ಪಕ್ಕದ ಪುಸ್ತಕದ ಕಪಾಟಿನ ಮೇಲೆ ಒರಗಿಸಿ ಒಂದು ಗಂಟೆ ಓಡಲು ಬಿಟ್ಟೆ. ಮರುದಿನ ಬೆಳಗ್ಗೆ ಧಾತ್ರಿ ಇನ್ನೂ ಏಳುವ ಮೊದಲು, ಅದರಲ್ಲಿ ಒಳ್ಳೆಯ ಎರಡು ನಿಮಿಷ ಆರಿಸಲು ಅದೇ ಕುರ್ಚಿಯಲ್ಲಿ, ಅದೇ ಪರದೆಯ ಮುಂದೆ ಕೂತೆ. ಕೈ ರೂಢಿಯಿಂದ ಪಟ್ಟಿ ತೆರೆಯಿತು. ನೋಡೋಣ ಎಂದು ಬರೆಯತೊಡಗಿದೆ.

ಧಾತ್ರಿ ಬ್ಲಾಕ್ ಜೋಡಿಸುತ್ತಿದ್ದಾಳೆ. ಎದುರಿಗೆ ನಾನು. ವಾಟ್ ಕಲರ್, ಸ್ವೀಟಿ? ಅವಳು ಕೆಂಪು ಬ್ಲಾಕನ್ನು ನೋಡುತ್ತಾಳೆ. ತುಟಿ ತುಸು ತೆರೆಯುತ್ತದೆ, ಎದೆ ಉಸಿರು ತುಂಬಿಕೊಂಡು ಮೇಲೇರುತ್ತದೆ. ನಾನು ಮುಂದೆ ಬಾಗುತ್ತೇನೆ, ಕೈ ತಟ್ಟುತ್ತೇನೆ, "ಸೇ ರೆಡ್! ಸೇ ರೆಡ್!" ತುಟಿ ಮುಚ್ಚುತ್ತದೆ, ಎದೆ ಇಳಿಯುತ್ತದೆ. ಹಿಂದೆ ಹೋಗಿ ಮತ್ತೆ ನೋಡಿದೆ. ಅದೇ. ಮುಂದಕ್ಕೆ ಹೋದೆ. ಮತ್ತೆ ತುಟಿ, ಮತ್ತೆ ನಾನು. ಎಣಿಸುವುದನ್ನು ಅರ್ಧಕ್ಕೆ ಬಿಟ್ಟೆ.

ಆಮೇಲೆ ನಾನು ಎದ್ದು ಶ್ರೀಧರನ ಜೊತೆ ಅಡುಗೆಮನೆಗೆ ಹೋಗುತ್ತೇನೆ. ಫ್ಯಾನ್ ಶುರುವಾಗುತ್ತದೆ. ಧಾತ್ರಿ ತಲೆ ಎತ್ತುತ್ತಾಳೆ. ಬ್ಲಾಕನ್ನು ಸದ್ದಾಗದಂತೆ ಕೆಳಗಿಡುತ್ತಾಳೆ. ಬಾಗಿಲವರೆಗೆ ಹೋಗಿ ಹೊಟ್ಟೆಯ ಮೇಲೆ ಮಲಗುತ್ತಾಳೆ, ಗದ್ದ ತಗಡಿನ ಪಟ್ಟಿಯ ಮೇಲೆ. ಅವಳು ಫ್ಯಾನನ್ನು ನೋಡುತ್ತಿಲ್ಲ. ಕಣ್ಣು ಶ್ರೀಧರನ ಬಾಯಿಂದ ನನ್ನ ಬಾಯಿಗೆ, ನನ್ನ ಬಾಯಿಂದ ಅವನ ಬಾಯಿಗೆ ಹೋಗುತ್ತಿದೆ. ಒಂದು ಕಾಲೂ ಅಲ್ಲಾಡುವುದಿಲ್ಲ. ಅವನು ಏನೋ ಹೇಳಿ ನಾನು ನಕ್ಕಾಗ ಅವಳ ತುಟಿ ಸದ್ದಿಲ್ಲದೆ ಆಡುತ್ತದೆ. ಕಾಫಿ ಮುಗಿದು ನಾನು ಫ್ಯಾನ್ ಆರಿಸುತ್ತೇನೆ, ತಿರುಗಿ, ಗಂಟಲು ಏರಿಸಿ ಕೇಳುತ್ತೇನೆ: "ಹಾಯ್ ಸ್ವೀಟಿ! ಆರ್ ಯು ಸ್ಲೀಪಿ?" ಅವಳು ಎದ್ದು ಹೋಗಿ ಬ್ಲಾಕ್‌ಗಳ ಮುಂದೆ ಕೂರುತ್ತಾಳೆ.

ಮೂರು ತಿಂಗಳು ದಿನವೂ ಕಣ್ಣೆದುರು ನಡೆದದ್ದು. ನಾನು ರೆಸ್ಟ್ ಎಂದು ಬರೆದುಕೊಂಡಿದ್ದೆ. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ, ಮಗುವಿಗೆ ಎಚ್ಚರವಾಗಬಾರದು ಎಂದು.

ಸಂಜೆ ಶ್ರೀಧರ ಬಂದ ಮೇಲೆ ತೋರಿಸಿದೆ. ಅವನು ಎರಡು ಸಲ ನೋಡಿ, ತಲೆಯ ಮೇಲೆ ಕೈ ಹೊತ್ತು ಕೂತ. "ಮುಂದಿನ ತಿಂಗಳು ಸ್ಕೂಲಿನವ್ರ ಮೀಟಿಂಗ್ ಇದೆ ಸುಮಾ. ಈಗ ಬದಲಾಯಿಸಿ, ಅದೂ ತಪ್ಪಾಗೋದ್ರೆ? ಇರೋ ಸ್ವಲ್ಪ ಇಂಗ್ಲಿಷೂ ಹೋದ್ರೆ?"

"ಇರೋದೇನಿದೆ ಶ್ರೀ?" ಎಂದೆ.

ಅವನು ಎದ್ದು ಹೋಗಿ, ಆಟವಾಡುತ್ತಿದ್ದವಳ ಪಕ್ಕ ಕೂತು, ಅವಳನ್ನಲ್ಲ, ಬ್ಲಾಕನ್ನು ನೋಡುತ್ತ, "ಪುಟ್ಟಿ, ಇವತ್ತು ರೋಡಲ್ಲಿ ಎಂಥಾ ಸ್ನೋ ಅಂತೀಯಾ, ನಂ ಕಾರು ಜಾರ್ಕಂಡು ಜಾರ್ಕಂಡು ಬಂತು ಕಣವ್ವ" ಎಂದ. ಧಾತ್ರಿ ಅವನ ಮುಖವನ್ನು ತಿರುಗಿ ನೋಡಿದಳು. ನಿಧಾನಕ್ಕೆ ಸರಿದು ಅವನ ತೊಡೆಗೆ ಬೆನ್ನು ಒರಗಿಸಿದಳು. ಮಾತು ಬರಲಿಲ್ಲ.

ಆ ದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ನಾವು ಎರಡು ನಿಯಮ ಮಾಡಿಕೊಂಡಿದ್ದೆವು: ಮನೆಯಲ್ಲಿ ನಮ್ಮ ಮಾತು, ಅವಳಿಗೆ ಪ್ರಶ್ನೆ ಇಲ್ಲ. ಎರಡನೆಯದು ಕೊಲ್ಲುತ್ತಿತ್ತು. ಅವಳ ತುಟಿ ತೆರೆದಾಗಲೆಲ್ಲ ನಾನು ಕುರ್ಚಿಯ ಅಂಚನ್ನು ಹಿಡಿದು ಕೂರುತ್ತಿದ್ದೆ. ತುಟಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಫ್ರಿಜ್ಜಿನ ಮೇಲಿನ ದಿನಾಂಕ ಹತ್ತಿರವಾಗುತ್ತಿತ್ತು. ನಾವು ಮತ್ತೆ ತಪ್ಪು ಮಾಡುತ್ತಿದ್ದೇವೆಯೇ, ಕಾಯುವುದು ಎಂದು ಹೆಸರಿಟ್ಟುಕೊಂಡು ಸುಮ್ಮನೆ ಕೈಕಟ್ಟಿ ಕೂತಿದ್ದೇವೆಯೇ ಎನ್ನುವುದನ್ನು ಹೇಳಲು ಯಾರಿದ್ದರು?

ತಾಯಿ ಕರಡಿಯ ಕೊನೆಯ ವಿಡಿಯೋ ಆಗಲೇ ಬಂದದ್ದು. ಈ ಸಲ ಮರಿ ಕಲಿತಿತ್ತು. ಅಮ್ಮನ ಹಿಂದೆ, ತುಸು ದೂರದಲ್ಲಿ, ತಾನೂ ಗದ್ದ ಊರಿ ಮಲಗಿತ್ತು. ತಾಯಿಯ ಮೂಳೆಗಳು ಎದ್ದು ಕಾಣುತ್ತಿದ್ದವು. ಬಹಳ ಹೊತ್ತಿನ ಮೇಲೆ ನೀರು ಉಬ್ಬಿತು, ತಾಯಿಯ ಭುಜ ಬಿಗಿಯಿತು, ಮರಿ ಅಲ್ಲಾಡಲಿಲ್ಲ. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಕಾವಳ ಬಂದು ಪರದೆಯೆಲ್ಲ ಬಿಳಿಯಾಯಿತು. ಅದು ಸರಿದಾಗ ಅಲ್ಲಿ ಎರಡೂ ಇರಲಿಲ್ಲ. ಮಂಜಿನ ಮೇಲೆ ರಕ್ತವಿದೆಯೇ ಎಂದು ದೊಡ್ಡದು ಮಾಡಿ ಮಾಡಿ ನೋಡಿದೆ, ಏನೂ ತಿಳಿಯಲಿಲ್ಲ. ಮಾರ್ಥಾರಿಗೆ ಫೋನ್ ಮಾಡಿದೆ. "ಗೊತ್ತಿಲ್ಲ ಎಂದು ಬರಿ. ಅದಕ್ಕೂ ಒಂದು ಕಾಲಂ ಇದೆ" ಎಂದರು. ಗೊತ್ತಿಲ್ಲ ಎಂದು ಬರೆದೆ.

ಅದೇ ಮಧ್ಯಾಹ್ನ, ಧಾತ್ರಿ ಮಲಗಿದ್ದಾಗ, ಮಹಡಿ ಹತ್ತಿ ವತ್ಸಲಾ ಆಂಟಿಯ ಬಾಗಿಲು ಬಡಿದೆ. ಬಾಗಿಲು ತೆರೆದವರನ್ನು ನೋಡಿ ಹೇಳಬೇಕೆಂದುಕೊಂಡದ್ದೆಲ್ಲ ಮರೆತು ಅಳು ಬಂತು.

"ಒಳಗ ಬಾ ಮೊದಲ. ಬಾಗಲದಾಗ ನಿಂತ ಅಳಬ್ಯಾಡ, ಹೀಟ್ ಎಲ್ಲಾ ಹೊರಗ ಹೊಂಟದ" ಎಂದರು. ತಪ್ಪಾಯಿತು ಎಂದೆ. "ನೀ ತಾಯಿ ಇದ್ದೀಯವಾ, ಅಂಜಿದ್ದಿ. ನನಗ ಸಿಟ್ಟು ಬಂದಿತ್ತು, ಖರೇನ. ಕೂಸು ಸೀರಿ ಹಿಡದಿತ್ತಲ್ಲ, ಅದಽ ಕಣ್ಣ ಮುಂದ ಬರ್ತಿತ್ತು." ಅವರ ಮನೆಯ ರೇಡಿಯೇಟರ್ ಮೇಲೆ ಕೆಂಪು ಉಣ್ಣೆಯ ಪುಟ್ಟ ಕೈಗವಸು ಒಂದು ಜೊತೆ ಇತ್ತು. ಧಾತ್ರಿಗೆಂದು ಹೆಣೆದು, ಒಗೆದು ಒಣಹಾಕಿದ್ದರು, ಕೊಡಲು ಬರಲಾಗದೆ ಇಟ್ಟುಕೊಂಡಿದ್ದರು.

ಮರುದಿನ ಇಳಿದು ಬಂದರು. ನಾನು ಅಂಗಡಿಯಿಂದ ತಂದ ಫ್ರೋಜನ್ ಅವರೆಕಾಳನ್ನು ಹಿಂದಿನ ದಿನವೇ ನೆನೆಹಾಕಿದ್ದೆ. ರೇಡಿಯೇಟರ್ ಪಕ್ಕ ಕಾರ್ಪೆಟ್ಟಿನ ಮೇಲೆ ಪೇಪರ್ ಹಾಸಿ, ಇಬ್ಬರೂ ಕೂತು ಕಾಳು ಹಿತಕತೊಡಗಿದೆವು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಆಚೆ ಬರುತ್ತದೆ.

"ನಿಮ್ಮ ಮೈಸೂರು ಮಂದಿಗೆ ಈ ಕಾಳಿನ ಹುಚ್ಚ ಎಂದ ಬಿಡತದೋ. ಸಿಪ್ಪಿ ಸುಲಿಯೂದ್ರಾಗ ಮುಪ್ಪಾಗತೀರಿ" ಎಂದರು ಆಂಟಿ.

"ತಿನ್ನೋವಾಗ ಮಾತ್ರ ಧಾರವಾಡದೋರೂ ಎರಡು ಸಲ ಬಡಿಸ್ಕೊತೀರಲ್ಲ" ಎಂದೆ.

ಧಾತ್ರಿ ಬ್ಲಾಕ್ ಬಿಟ್ಟು ಬಂದಳು. ಪೇಪರಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಗದ್ದ ಊರಿ, ನಮ್ಮ ಬೆರಳು, ನಮ್ಮ ಬಾಯಿ, ಮತ್ತೆ ಬೆರಳು ನೋಡುತ್ತಿದ್ದಳು. ನಾವು ಅವಳನ್ನು ಮಾತಾಡಿಸಲಿಲ್ಲ. ಸೀರೆಯ ಬಗ್ಗೆ, ತಮ್ಮ ಸೊಸೆಯ ಅಡುಗೆಯ ಬಗ್ಗೆ, ಬೀಳಲಿರುವ ಸ್ನೋ ಬಗ್ಗೆ ಆಂಟಿ ಹರಟುತ್ತಲೇ ಇದ್ದರು. ಎಷ್ಟು ಹೊತ್ತಾಯಿತೋ. ಒಂದು ಚಿಕ್ಕ ಕೈ ಬಂದು ಬಟ್ಟಲಿನಿಂದ ಒಂದು ಕಾಳು ತೆಗೆದುಕೊಂಡಿತು. ಎರಡು ಕೈಯ ಬೆರಳು ಸೇರಿಸಿ ಬಲವಾಗಿ ಒತ್ತಿದಳು. ಬೇಳೆ ಚಿಮ್ಮಿ, ನೆಲಕ್ಕೆ ಬಡಿದು, ರೇಡಿಯೇಟರ್ ಅಡಿಗೆ ಉರುಳಿಹೋಯಿತು.

ಅವಳು ಬಗ್ಗಿ ನೋಡಿದಳು. ತುಟಿ ತೆರೆಯಿತು. ಎದೆ ಮೇಲೇರಿತು.

ನನ್ನ ಮೈಯ ಒಂದೊಂದು ಎಲುಬೂ ಮುಂದೆ ಹಾರಬೇಕು ಎನ್ನುತ್ತಿತ್ತು. ಆಂಟಿಯ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಮಾತು ನಿಲ್ಲಿಸಿದರು. ರೇಡಿಯೇಟರ್ ಸುಯ್ಯೆನ್ನುತ್ತಿತ್ತು. ಹೊರಗೆ ಹತ್ತಿರದ ಸ್ಟೇಷನ್ನಿಗೆ ಒಂದು ರೈಲು ಬಂದು, ನಿಂತು, ಹೊರಟಿತು.

"ಓಯ್ತು" ಎಂದಳು ಧಾತ್ರಿ.

ನಾನು ಕೈ ತಟ್ಟಲಿಲ್ಲ. ಕೂಗಲಿಲ್ಲ. ಶ್ರೀಧರನಿಗೆ ಫೋನ್ ಮಾಡಲು ಏಳಲಿಲ್ಲ. ಆಂಟಿ ಏನೂ ಆಗದವರಂತೆ, "ಹೋಗಲಿ ಬಿಡಽ, ಇನ್ನೊಂದ ತಗೋ" ಎಂದು ಬಟ್ಟಲನ್ನು ಅವಳ ಕಡೆ ಸರಿಸಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಧಾತ್ರಿ ಇನ್ನೊಂದು ಕಾಳು ತೆಗೆದುಕೊಂಡಳು. ಆ ದಿನ ಬೇಳೆಯೆಲ್ಲ ರೇಡಿಯೇಟರ್ ಅಡಿಗೇ ಹೋಯಿತು.

ಅದರಿಂದ ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಮಾರ್ಚ್‌ನ ಮೀಟಿಂಗಿನಲ್ಲಿ ಅವಳಿಗೆ ಮಾತಿನ ಥೆರಪಿ ಬೇಕು ಎಂದೇ ಬರೆದರು. ಎರಡು ವರ್ಷ ಹೋದೆವು. ಥೆರಪಿಯಾಕೆ ಮೊದಲ ದಿನವೇ, ಮನೆಯಲ್ಲಿ ನಿಮಗೆ ಸಲೀಸಾದ ಭಾಷೆಯನ್ನೇ ಆಡಿ, ಅದರಿಂದ ಮಗುವಿಗೆ ಏನೂ ಆಗುವುದಿಲ್ಲ ಎಂದಾಗ, ಶ್ರೀಧರ ಬೂಟಿನ ಕಡೆ ನೋಡುತ್ತ ಕೂತಿದ್ದ. ದೀಪಾವಳಿಯ ಮರುದಿನ ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು.

ಕಳೆದ ತಿಂಗಳು ಆ ಮೆಟ್ಟಿಲ ಮೇಲಿಂದ ಎದ್ದು ಆಂಟಿಯ ಮನೆಗೆ ಹೋಗಿ, ಊಟ ಮುಗಿಸಿ ಸಂಜೆಯ ಹೊತ್ತಿಗೆ ಮನೆಗೆ ಬಂದೆ. ಧಾತ್ರಿಗೆ ಈಗ ಏಳು ವರ್ಷ. ಬಾಯಿ ನಿಲ್ಲುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ, ಇಲ್ಲಿನ ಎಲ್ಲ ಮಕ್ಕಳಂತೆ ಇಂಗ್ಲಿಷಿನಲ್ಲೇ ಉತ್ತರ. ಅದಕ್ಕೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆ ಚಳಿಗಾಲ ಅವಳಿಗೆ ನೆನಪಿಲ್ಲ, ನಾವೂ ಹೇಳಿಲ್ಲ. ಆದರೆ ಈ ಮನೆಯಲ್ಲಿ ಒಗ್ಗರಣೆಗೆಂದು ನಾನು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು, ಅವಳು ಯಾವ ಮೂಲೆಯಲ್ಲಿದ್ದರೂ ಬರುತ್ತಾಳೆ. ಕಾಲ್ಬೆರಳ ಮೇಲೆ ನಿಂತು ಕೈ ಚಾಚಿ ಅದನ್ನು ಆರಿಸುತ್ತಾಳೆ. ಅವತ್ತೂ ಬಂದಳು, ಆರಿಸಿದಳು, ಓದುತ್ತಿದ್ದ ಪುಸ್ತಕಕ್ಕೆ ಮರಳಿದಳು. ಮೆಣಸಿನಕಾಯಿಯ ಘಾಟಿಗೆ ಸ್ಮೋಕ್ ಅಲಾರ್ಮ್ ಹೊಡೆದುಕೊಂಡಿತು. ನಾನು ಫ್ಯಾನನ್ನು ಮತ್ತೆ ಹಾಕದೆ ಕಿಟಕಿ ತೆರೆದು, ಒಳಗೆ ನುಗ್ಗಿದ ಚಳಿಯಲ್ಲಿ ಕೆಮ್ಮುತ್ತ ಅಡುಗೆ ಮಾಡಿದೆ.